ಅರವತ್ತನೇ ಕ್ಯಾನು

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಕೋಲಾರದ ಕಡೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ಬಿಸಿಎ ಸೇರಿದ ಮೇಲೆ ನನಗೆ ನಾಲ್ಕನೆಯದೂ ಒಂದು ಗಂಟುಬಿತ್ತು, ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ ಜಾವಾ. ಮೊದಲ ಮೂರರಲ್ಲಿ ತಪ್ಪು ಮಾತಾಡಿದರೂ ಎದುರಿಗಿದ್ದವರು ಹೇಗೋ ಅರ್ಥ ಮಾಡಿಕೊಳ್ಳುತ್ತಾರೆ. ಜಾವಾ ಹತ್ತಿರ ಆ ದಾಕ್ಷಿಣ್ಯ ಇಲ್ಲ. ಅದು ನನಗೆ ಸರಿಯಾಗಿ ಗೊತ್ತಾಗಿದ್ದು ಕ್ಲಾಸಿನಲ್ಲಲ್ಲ, ಮುಳಬಾಗಿಲು ಕಡೆಯ ನಮ್ಮ ಅಜ್ಜಿ ಊರಿನ ಹಾಲಿನ ಡೇರಿಯಲ್ಲಿ.

ಸಿಲ್ಕು, ಮಿಲ್ಕು, ಗೋಲ್ಡು ಎಂದು ನಮ್ಮ ಜಿಲ್ಲೆಯನ್ನು ಹೊಗಳುವುದುಂಟು. ಗೋಲ್ಡಿನ ಗಣಿ 2001ರಲ್ಲೇ ಮುಚ್ಚಿತು. ಹಾಲು ಮಾತ್ರ ದಿನಕ್ಕೆ ಎರಡು ಹೊತ್ತು ತಪ್ಪದೆ ಬರುತ್ತದೆ. ಆ ಡೇರಿಯಲ್ಲಿ ಅರವತ್ತು ಸದಸ್ಯರು. ಒಬ್ಬೊಬ್ಬರಿಗೂ ಒಂದು ನಂಬರು. ಸೆಕ್ರೆಟರಿ ಅಣ್ಣ ಉದ್ದನೆಯ ಪುಸ್ತಕದಲ್ಲಿ ಲೀಟರು, ಫ್ಯಾಟು ಬರೆದುಕೊಳ್ಳುತ್ತಿದ್ದರು. ನಾನು ಹೊಸದಾಗಿ ಕಲಿತ ಹುರುಪಿನಲ್ಲಿ, "ಅಣ್ಣಾ, ಇದಕ್ಕೊಂದು ಪ್ರೋಗ್ರಾಂ ಬರೆದುಕೊಡ್ತೀನಿ" ಎಂದೆ. ಯಾರೂ ಕೇಳಿರಲಿಲ್ಲ.

ಜಾವಾದಲ್ಲಿ ಇಂಥ ಲೆಕ್ಕಕ್ಕೆ 'ಅರೇ' ಎಂಬುದಿದೆ. ಅರೇ ಎಂದರೆ ಒಂದೇ ಥರದ ಡಬ್ಬಿಗಳ ಸಾಲು. ಸಾಲಿಗೆಲ್ಲ ಒಂದೇ ಹೆಸರು, ಡಬ್ಬಿಗೊಂದು ನಂಬರು. ಅರವತ್ತು ಜನರ ಲೀಟರ್ ಲೆಕ್ಕಕ್ಕೆ ಇದಕ್ಕಿಂತ ಇನ್ನೇನು ಬೇಕು, ಅಲ್ವಾ? ನಾನು ಹೀಗೆ ಬರೆದೆ. ರೇಡಿಯೋದಲ್ಲಿ ಬ್ರಾಕೆಟ್ ಕಾಣುವುದಿಲ್ಲ, ಬಾಯಲ್ಲೇ ಹೇಳುತ್ತೇನೆ: ಡಬಲ್, ಚೌಕದ ಬ್ರಾಕೆಟ್ ತೆರೆದು ಮುಚ್ಚಿ, ಹಾಲು, ಸೆಮಿಕೋಲನ್. ಡಬಲ್ ಎಂದರೆ ನಾಲ್ಕೂವರೆಯಂಥ ದಶಮಾಂಶ ಸಂಖ್ಯೆ. ಅಂದ ಹಾಗೆ, ಜಾವಾದಲ್ಲಿ ಹೆಸರನ್ನು ಕನ್ನಡ ಅಕ್ಷರದಲ್ಲೇ ಇಡಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಮುಂದಿನ ಸಾಲಿನಲ್ಲೇ ಒಂದನೇ ನಂಬರಿಗೆ ನಾಲ್ಕೂವರೆ ಲೀಟರ್ ಹಾಕಲು ಹೋದೆ. ಓಡಿಸುವ ಮೊದಲೇ ಬರೆದದ್ದನ್ನು ಪರೀಕ್ಷಿಸುವ ಕಂಪೈಲರ್ ಒಪ್ಪಲಿಲ್ಲ. 'ಮೈಟ್ ನಾಟ್ ಹ್ಯಾವ್ ಬೀನ್ ಇನಿಷಿಯಲೈಸ್ಡ್', ಅಂದರೆ ಈ ಹೆಸರಿಗೆ ಇನ್ನೂ ಏನೂ ಕೊಟ್ಟಿಲ್ಲವೇನೋ, ಎಂದು ತಕರಾರು ತೆಗೆಯಿತು. ಅದು ಹೇಳಿದ್ದು ಸರಿಯೇ. ನಾನು ಮಾಡಿದ್ದು ಡಿಕ್ಲೇರ್ ಮಾತ್ರ. ಅಂದರೆ 'ಹಾಲು' ಎಂದು ಬೋರ್ಡು ಬರೆದು ತಗುಲಿಹಾಕಿದ್ದೆ, ಅಷ್ಟೇ. ಬೋರ್ಡಿನ ಹಿಂದೆ ಡೇರಿಯೇ ಇರಲಿಲ್ಲ. ಡಬ್ಬಿಗಳು ಹುಟ್ಟುವುದು 'ನ್ಯೂ' ಎಂಬ ಮಾತು ಬಂದಾಗ: ಹಾಲು, ಈಕ್ವಲ್ಸ್, ನ್ಯೂ ಡಬಲ್, ಬ್ರಾಕೆಟ್ ಒಳಗೆ 60.

ಸಿ ಎಂಬ ಇನ್ನೊಂದು ಕಂಪ್ಯೂಟರ್ ಭಾಷೆ ಕಲಿತು ಬಂದವರು ಇಲ್ಲೇ ಮುಗ್ಗರಿಸುತ್ತಾರೆ. ಸಿ ಭಾಷೆಯಲ್ಲಿ ಹೆಸರಿನ ಪಕ್ಕದಲ್ಲೇ ಅರವತ್ತು ಎಂದು ಬರೆದರೆ ಡಬ್ಬಿಗಳು ಬಂದುಬಿಡುತ್ತವೆ. ಜಾವಾದಲ್ಲಿ ಡಿಕ್ಲೇರ್ ಮಾಡುವ ಕಡೆ ಸಂಖ್ಯೆ ಬರೆಯುವ ಹಾಗೇ ಇಲ್ಲ. ಯಾಕೆಂದರೆ ಹೆಸರು ಯಾವುದೋ ಒಂದು ಸಾಲನ್ನು ತೋರಿಸುವ ಬೆರಳು ಮಾತ್ರ. ಇವತ್ತು ಅರವತ್ತರ ಸಾಲನ್ನು ತೋರಿಸುತ್ತದೆ, ನಾಳೆ ಅದೇ ಹೆಸರು ನೂರರ ಸಾಲನ್ನು ತೋರಿಸಬಹುದು. ಉದ್ದ ಇರುವುದು ಸಾಲಿಗೆ, ಬೆರಳಿಗಲ್ಲ.

ಇನ್ನೊಂದು ಕಿತಾಪತಿ ಇದೆ. ಅದೇ ಡಿಕ್ಲೇರ್ ಸಾಲನ್ನು ಮೆಥಡ್, ಅಂದರೆ ಒಂದು ಕೆಲಸ ಮಾಡುವ ಕೋಡಿನ ತುಂಡು, ಅದರ ಒಳಗಿಂದ ತೆಗೆದು, ಅದನ್ನು ಸುತ್ತುವರಿದ ಕ್ಲಾಸಿನ ಫೀಲ್ಡ್ ಮಾಡಿದರೆ ಕಂಪೈಲರ್ ತಕರಾರು ಮಾಡುವುದಿಲ್ಲ. ಫೀಲ್ಡಿಗೆ ಜಾವಾ ತಾನೇ 'ನಲ್', ಅಂದರೆ ಏನನ್ನೂ ತೋರಿಸುತ್ತಿಲ್ಲ, ಎಂದು ತುಂಬಿಬಿಡುತ್ತದೆ. ಸುಮ್ನೆ ಪಾಸಾಯಿತಲ್ಲ ಎಂದು ಖುಷಿಪಟ್ಟರೆ, ಓಡಿಸಿದಾಗ ನಲ್ ಪಾಯಿಂಟರ್ ಎಕ್ಸೆಪ್ಷನ್ ಎಂದು ಬೀಳುತ್ತದೆ. ಮೊದಲೇ ಬೈಯುವವರು ವಾಸಿ.

ಸರಿ, ಡಬ್ಬಿಗಳು ಬಂದವು. ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದು ಸೆಕ್ರೆಟರಿ ಪಕ್ಕ ಕೂತೆ. ಹೊರಗೆ ಕ್ಯಾನುಗಳ ಸಾಲು. ಒಂದು, ಎರಡು, ಮೂರು, ಎಲ್ಲ ಸಲೀಸು. ಐವತ್ತೊಂಬತ್ತೂ ಆಯಿತು. ಕೊನೆಗೆ ಸೊಂಟದ ಮೇಲೆ ಪುಟ್ಟ ಸ್ಟೀಲ್ ಕ್ಯಾನು ಇಟ್ಟುಕೊಂಡು ಒಬ್ಬ ಅಜ್ಜಿ ಬಂದರು. ನಂಬರ್ ಅರವತ್ತು. ಟೈಪ್ ಮಾಡಿ ಎಂಟರ್ ಒತ್ತಿದೆ. ಪರದೆ ತುಂಬ ಕೆಂಪಕ್ಷರ. 'ಇಂಡೆಕ್ಸ್ 60 ಔಟ್ ಆಫ್ ಬೌಂಡ್ಸ್ ಫಾರ್ ಲೆಂಗ್ತ್ 60.' ಅಂದರೆ ಸಾಲಿನ ಉದ್ದ 60, ಅದರಲ್ಲಿ 60 ಎಂಬ ನಂಬರಿನ ಡಬ್ಬಿ ಇಲ್ಲ.

"ಏನಪ್ಪಾ, ನನ್ನ ಹಾಲು ನಿನ್ನ ಮಿಷನ್ನಿಗೆ ಸೇರಲ್ವಾ?" ಎಂದರು ಅಜ್ಜಿ. ಸಾಲಿನಲ್ಲಿದ್ದವರೆಲ್ಲ ನಕ್ಕರು.

ಜಾವಾ ಎಣಿಸುವುದು ಸೊನ್ನೆಯಿಂದ. ಅರವತ್ತು ಡಬ್ಬಿ ಎಂದರೆ ಸೊನ್ನೆಯಿಂದ ಐವತ್ತೊಂಬತ್ತರವರೆಗೆ. 1995ರಲ್ಲಿ ಬಂದ ಜಾವಾಕ್ಕೆ ಈ ಅಭ್ಯಾಸ ಸಿ ಕಡೆಯಿಂದ ಬಂತು. ಅಲ್ಲಿ ಇಂಡೆಕ್ಸ್ ಎಂದರೆ ಸಾಲಿನ ತಲೆಯಿಂದ ಎಷ್ಟು ಡಬ್ಬಿ ದೂರ ಎನ್ನುವ ಲೆಕ್ಕ. ತಲೆಯಲ್ಲೇ ನಿಂತವನಿಗೆ ದೂರ ಸೊನ್ನೆ ತಾನೇ? ಹಾಗಾಗಿ ನನ್ನ ಸೊನ್ನೆಯ ಡಬ್ಬಿ ಖಾಲಿ ಕೂತಿತ್ತು, ಅಜ್ಜಿಗೆ ಜಾಗ ಇರಲಿಲ್ಲ.

ಸದಸ್ಯರ ನಂಬರಿನಿಂದ ಒಂದು ಕಳೆದಿದ್ದರೆ ಮುಗಿಯುತ್ತಿತ್ತು. ನಾನು ಸೋಮಾರಿ, 60 ಇದ್ದದ್ದನ್ನು 61 ಮಾಡಿದೆ. ಅಜ್ಜಿಯ ಹಾಲು ಸೇರಿತು. ಆದರೆ ಸರಾಸರಿ ತೆಗೆಯುವಾಗ ಒಟ್ಟು ಲೀಟರನ್ನು ಅರೇಯ ಲೆಂಗ್ತ್‌ನಿಂದ, ಅಂದರೆ 61ರಿಂದ, ಭಾಗಿಸಿದ್ದೆ. ಅರವತ್ತು ಜನ 240 ಲೀಟರ್ ಹಾಕಿದರೆ ತಲಾ ನಾಲ್ಕು ಬರಬೇಕು. ನನ್ನದು 3.93 ತೋರಿಸಿತು. ಇಲ್ಲದ ಒಬ್ಬ ಸದಸ್ಯನ ಹೆಸರಲ್ಲಿ ಅಷ್ಟು ಹಾಲು ಇಂಗಿಹೋಗಿತ್ತು.

ಇದಕ್ಕಿಂತ ದೊಡ್ಡ ಪಾಠ ಇನ್ನೊಂದು ಸಂಜೆ ಆಯಿತು. ಅರ್ಧಕ್ಕೆ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿತ್ತು, ತೂಕದ ಮಿಷನ್ ನಿಂತಿತು. ಸೆಕ್ರೆಟರಿ ಅಣ್ಣ ಟಾರ್ಚ್ ಹಚ್ಚಿ, ಲೀಟರ್ ಅಳತೆಯಲ್ಲೇ ಹಾಲು ಹಾಕಿಸಿಕೊಂಡು, ಪುಸ್ತಕದಲ್ಲಿ ಬರೆದರು. ನಾನು ಟೈಪ್ ಮಾಡಲಿಲ್ಲ. ಆಮೇಲೆ ನೋಡಿದರೆ ಪಟ್ಟಿಯಲ್ಲಿ ಇಪ್ಪತ್ತಮೂರು ಸೊನ್ನೆ. ಅದರಲ್ಲಿ ಹಸು ಬತ್ತಿ ಬಾರದವರು ಯಾರು, ಹಾಲು ಒಡೆದಿದೆ ಎಂದು ವಾಪಸ್ ಹೋದವರು ಯಾರು, ಹಾಕಿಯೂ ನನ್ನ ಲೆಕ್ಕಕ್ಕೆ ಬಾರದವರು ಯಾರು? ಎಲ್ಲರದೂ ಒಂದೇ ಸೊನ್ನೆ.

'ನ್ಯೂ' ಎಂದಾಗ ಜಾವಾ ಡಬ್ಬಿಗಳನ್ನು ತೊಳೆದು ಕೊಡುತ್ತದೆ. ಸಂಖ್ಯೆ ಆದರೆ ಸೊನ್ನೆ, ಹೌದು-ಅಲ್ಲ ಆದರೆ 'ಫಾಲ್ಸ್', ಹಲವು ವಿವರ ಒಟ್ಟಿಗಿರುವ ಆಬ್ಜೆಕ್ಟ್ ಆದರೆ 'ನಲ್'. ಸಿ ಭಾಷೆಯಲ್ಲಿ ಫಂಕ್ಷನ್ ಒಳಗಿನ ಅರೇಗೆ ಈ ಉಪಕಾರ ಇಲ್ಲ, ಹಳೇ ಕಸವೇ ಇರಬಹುದು. ಆದರೆ ಆ ಸೊನ್ನೆ ಜಾವಾ ಇಟ್ಟದ್ದು, ನಾನು ಇಟ್ಟದ್ದಲ್ಲ. ಡೇರಿಯಲ್ಲಿ ಸೊನ್ನೆ ಲೀಟರ್ ಎಂದರೆ ಒಂದು ಸುದ್ದಿ. ಯಾರೂ ಬರೆಯದೆ ಆ ಸುದ್ದಿ ಅಲ್ಲಿ ಕೂತಿತ್ತು. ಮಾರನೇ ದಿನ 'ಅರೇಸ್ ಡಾಟ್ ಫಿಲ್' ಎಂಬ ಮೆಥಡ್‌ನಿಂದ ಎಲ್ಲ ಡಬ್ಬಿಗೂ ಮೈನಸ್ ಒಂದು ತುಂಬಿಟ್ಟೆ. ಮೈನಸ್ ಒಂದು ಎಂದರೆ ಇನ್ನೂ ಬರೆದಿಲ್ಲ. ಸೊನ್ನೆ ಎಂದರೆ ಬರೆದಿದ್ದೇನೆ, ಹಾಲಿಲ್ಲ. ಕೂಡುವಾಗ ಮೈನಸ್‌ಗಳನ್ನು ಬಿಟ್ಟು ಕೂಡಬೇಕು, ಅದೊಂದು ನೆನಪಿರಲಿ.

ಡಬ್ಬಿಗಳಲ್ಲಿ ಏನಿಡಬೇಕೆಂದು ಮೊದಲೇ ಗೊತ್ತಿದ್ದರೆ ಇಷ್ಟೆಲ್ಲ ಬೇಡ. ಹೊತ್ತು ಎಂಬ ಸ್ಟ್ರಿಂಗ್ ಅರೇ, ಅಂದರೆ ಪದಗಳ ಸಾಲು, ಈಕ್ವಲ್ಸ್, ಹೂವಿನ ಬ್ರಾಕೆಟ್ ಒಳಗೆ ಬೆಳಿಗ್ಗೆ, ಸಂಜೆ. ಎರಡು ಎಂದು ಹೇಳುವುದೂ ಬೇಡ, ಜಾವಾ ತಾನೇ ಎಣಿಸಿಕೊಳ್ಳುತ್ತದೆ. ಆದರೆ ಈ ಸುಲಭದ ದಾರಿ ಡಿಕ್ಲೇರ್ ಮಾಡುವ ಸಾಲಿನಲ್ಲಿ ಮಾತ್ರ. ಆಮೇಲೆ ಬೇರೆ ಪಟ್ಟಿ ಕೊಡಬೇಕಾದರೆ ಮುಂದೆ 'ನ್ಯೂ ಸ್ಟ್ರಿಂಗ್' ಮತ್ತು ಚೌಕದ ಬ್ರಾಕೆಟ್ ಸೇರಿಸಲೇಬೇಕು.

ಆಬ್ಜೆಕ್ಟ್‌ಗಳ ಅರೇಯಲ್ಲಿ ನಾನು ಇನ್ನೂ ಒಂದು ಎಡವಟ್ಟು ಮಾಡಿದೆ. ಸದಸ್ಯ ಎಂಬ ಕ್ಲಾಸ್, ಅಂದರೆ ಒಬ್ಬೊಬ್ಬರ ಖಾತೆಗೂ ಬೇಕಾದ ಅಚ್ಚು, ಬರೆದು ಅರವತ್ತರ ಅರೇ ಮಾಡಿದೆ. ಅರವತ್ತು ಸದಸ್ಯರು ಬರಲಿಲ್ಲ, ಅರವತ್ತು 'ನಲ್' ಬಂದವು. ಫಿಲ್ ಗೊತ್ತಿತ್ತಲ್ಲ, ಒಬ್ಬ ಹೊಸ ಸದಸ್ಯನನ್ನು ಮಾಡಿ ಎಲ್ಲ ಡಬ್ಬಿಗೂ ತುಂಬಿದೆ. ಆಮೇಲೆ ಮೂರನೇ ನಂಬರಿನವರು ಐದು ಲೀಟರ್ ಹಾಕಿದರೆ ಅರವತ್ತು ಜನರ ಖಾತೆಯಲ್ಲೂ ಐದು ಲೀಟರ್! ಅರವತ್ತು ಬೆರಳೂ ಒಬ್ಬನನ್ನೇ ತೋರಿಸುತ್ತಿದ್ದವು. ಲೂಪ್ ಹಾಕಿ ಒಂದೊಂದು ಡಬ್ಬಿಗೂ ಬೇರೆ 'ನ್ಯೂ' ಬರೆದ ಮೇಲೆ ಸರಿಹೋಯಿತು. ಪುಣ್ಯಕ್ಕೆ ಅದು ಬಟವಾಡೆಗೆ ಮುಂಚೆ ಕಣ್ಣಿಗೆ ಬಿತ್ತು.

ಮುಂದಿನ ತಿಂಗಳು ಮೂವರು ಹೊಸ ಸದಸ್ಯರು ಸೇರಿದರು. ಅರೇ ಒಮ್ಮೆ ಹುಟ್ಟಿದ ಮೇಲೆ ಹಿಗ್ಗುವುದಿಲ್ಲ. ಅದಕ್ಕೆ ಹಿಗ್ಗಬಲ್ಲ ಅರೇಲಿಸ್ಟ್ ಇದೆ, ಅದನ್ನು ಇನ್ನೊಂದು ದಿನ ಹೇಳುತ್ತೇನೆ. ಪ್ರೋಗ್ರಾಂ ಈಗ ಸರಿಯಾಗಿ ನಡೆಯುತ್ತಿದೆ. ಅರವತ್ತನೇ ನಂಬರಿನ ಅಜ್ಜಿ ಮಾತ್ರ ಇವತ್ತಿಗೂ ನನ್ನ ಪರದೆ ನೋಡುವುದಿಲ್ಲ. ಸೆಕ್ರೆಟರಿ ಕಡೆ ತಿರುಗಿ, "ಪುಸ್ತಕದಾಗೂ ಒಂದ್ಕಿತ ಬರ್ಕೊಳಪ್ಪ" ಎನ್ನುತ್ತಾರೆ. ಅವರು ಬರೆದುಕೊಳ್ಳುತ್ತಾರೆ.

ನಮಸ್ಕಾರ.