ಘಟ್ಟದ ನೀರು, ಹಿಮಾಲಯದ ನೀರು

ಕೇಳುಗರಿಗೆ ನಮಸ್ಕಾರ.

ನಮ್ಮ ಮಂಗಳೂರು, ಉಡುಪಿ ಕಡೆಯ ಚಾರಣಿಗರಿಗೆ ಈಚೆಗೆ ಒಂದು ಹೊಸ ಆಸೆ. ಕುದುರೆಮುಖ ಹತ್ತಿ ಆಯಿತು, ಕುಮಾರಪರ್ವತವೂ ಆಯಿತು. ಇನ್ನು ಕಾಶ್ಮೀರಕ್ಕೆ ಹೋಗಿ, ಬೆಟ್ಟದ ಮೇಲೆ ಒಂದು ಸರೋವರದಿಂದ ಇನ್ನೊಂದಕ್ಕೆ ನಡೆಯಬೇಕು ಅಂತ. ಅಲ್ಲಿನ ನೀಲಿ ನೀರಿನ ಫೋಟೋ ನೋಡಿದವರೆಲ್ಲ ಕೇಳುವುದು ಒಂದೇ: ‘ನಮ್ಮ ಘಟ್ಟದಲ್ಲಿ ಇಂಥದ್ದು ಯಾಕಿಲ್ಲ ಮಾರಾಯ್ರೇ? ಮಳೆಗೇನು ಇಲ್ಲಿ ಬರವೇ?’

ಪ್ರಶ್ನೆ ಸರಿಯಾಗಿಯೇ ಇದೆ. ಮಳೆ ನಮ್ಮಲ್ಲೇ ಜಾಸ್ತಿ. ಆದರೆ ಹಿಮಾಲಯದ ಆ ಗುಂಡಿಗಳನ್ನು ತೋಡಿದ್ದು ಮಳೆಯಲ್ಲ, ಮಂಜುಗಡ್ಡೆ. ಸಾವಿರಾರು ವರ್ಷಗಳ ಹಿಂದೆ ದಪ್ಪನೆಯ ಹಿಮನದಿಗಳು ಬೆಟ್ಟವನ್ನು ಉಜ್ಜುತ್ತ ನಿಧಾನವಾಗಿ ಕೆಳಗೆ ಜಾರಿದವು. ಉಜ್ಜಿದಲ್ಲಿ ಹೊಂಡ ಬಿತ್ತು. ತಳ್ಳಿಕೊಂಡು ಬಂದ ಕಲ್ಲುಮಣ್ಣು ಮುಂದೆ ರಾಶಿಬಿದ್ದು ಕಟ್ಟೆಯಾಯಿತು. ಮಂಜು ಕರಗಿ ಹಿಂದೆ ಸರಿದಾಗ ಹೊಂಡದಲ್ಲಿ ನೀರು ನಿಂತಿತು. ನಮ್ಮ ಪಶ್ಚಿಮ ಘಟ್ಟದಲ್ಲಿ ಹಿಮನದಿ ಹರಿದದ್ದಿಲ್ಲ. ಹಾಗಾಗಿ ಅಂಥ ಹೊಂಡಗಳೂ ಇಲ್ಲ.

ಕಾಶ್ಮೀರದ ಆ ದಾರಿ ಸುಮಾರು 70 ಕಿಲೋಮೀಟರ್. ಸೋನಮಾರ್ಗದ ಹತ್ತಿರ ಹತ್ತಿ, ನಾರಾನಾಗ್‌ನಲ್ಲಿ ಇಳಿಯುವುದು. ಶುರುವಾಗುವುದು ಕಾಡಿನಲ್ಲೇ. ಮೊದಲು ಪೈನ್, ಮೇಲೆ ಹೋದ ಹಾಗೆ ಭೂರ್ಜ ಮರ. ಇದರ ಬಿಳಿ ತೊಗಟೆ ಹಾಳೆಹಾಳೆಯಾಗಿ ಸುಲಿಯುತ್ತದೆ. ನಮ್ಮವರು ತಾಳೆಗರಿಯಲ್ಲಿ ಬರೆದರು, ಕಾಶ್ಮೀರದವರು ಈ ತೊಗಟೆಯಲ್ಲಿ. ಭೂರ್ಜ ಮುಗಿದ ಮೇಲೆ ಮರವೇ ಇಲ್ಲ. ಹುಲ್ಲು, ಹೂವು, ಕುರಿಮಂದೆ, ಬಂಡೆ. ಆಮೇಲೆ ಸರೋವರಗಳು ಒಂದೊಂದಾಗಿ ಸಿಗುತ್ತವೆ: ವಿಷನ್‌ಸರ್, ಕಿಷನ್‌ಸರ್, ಗದ್‌ಸರ್, ಸತ್‌ಸರ್, ಕೊನೆಗೆ ಹರಮುಖ ಬೆಟ್ಟದ ಬುಡದಲ್ಲಿ ಗಂಗಾಬಲ್. ನಡುವೆ ದಾಟಬೇಕಾದ ಪಾಸ್‌ಗಳಲ್ಲಿ, ಅಂದರೆ ಬೆಟ್ಟಸಾಲಿನ ನಡುವಿನ ತಗ್ಗು ದಾರಿಗಳಲ್ಲಿ, ಎಲ್ಲಕ್ಕಿಂತ ಎತ್ತರದ್ದು ಸುಮಾರು 4,200 ಮೀಟರ್‌ನಲ್ಲಿದೆ. ಕುದುರೆಮುಖದ ತುದಿ 1,890 ಮೀಟರ್ ಚಿಲ್ಲರೆ. ಅದರ ಎರಡರಷ್ಟಕ್ಕಿಂತಲೂ ಮೇಲೆ ಅಂತ ಲೆಕ್ಕ ಹಾಕಿಕೊಳ್ಳಿ.

ಇಲ್ಲಿಯೇ ಕರಾವಳಿಯವರು ಎಚ್ಚರವಾಗಿರಬೇಕು. ನಾವು ಹುಟ್ಟಿ ಬೆಳೆದದ್ದೇ ಸಮುದ್ರದ ಮಟ್ಟದಲ್ಲಿ, ಅಲ್ವಾ? ಪಣಂಬೂರು ಬೀಚಿನಲ್ಲಿ ದಿನಾ ಓಡುವವರಿಗೂ ಆ ಎತ್ತರದಲ್ಲಿ ತಲೆ ಸಿಡಿಯಬಹುದು, ವಾಕರಿಕೆ ಬರಬಹುದು. ಗಟ್ಟಿಮುಟ್ಟಾದ ದೇಹಕ್ಕೆ ಅಲ್ಲಿ ರಿಯಾಯಿತಿಯೇನೂ ಇಲ್ಲ. 3,000 ಮೀಟರ್ ದಾಟಿದ ಮೇಲೆ, ಇವತ್ತು ರಾತ್ರಿ ಮಲಗುವ ಜಾಗ ನಿನ್ನೆಯದಕ್ಕಿಂತ 500 ಮೀಟರ್‌ಗಿಂತ ಹೆಚ್ಚು ಎತ್ತರ ಇರಬಾರದು. ತಲೆನೋವು ಇದ್ದರೆ ಮೇಲೆ ಹತ್ತಬೇಡಿ. ಜಾಸ್ತಿಯಾದರೆ ಇಳಿಯಿರಿ. ಜೊತೆಯವರು ಏನೆಂದುಕೊಳ್ಳುತ್ತಾರೋ ಅಂತ ಸುಮ್ನೆ ಇರಬೇಡಿ. ಇನ್ನೊಂದು ಸಣ್ಣ ವಿಷಯ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಸುಮಾರು 87 ಡಿಗ್ರಿಗೇ ಕುದಿಯುತ್ತದೆ. ಕುಚ್ಚಲಕ್ಕಿ ಗಂಜಿಯ ಆಸೆ ಬಿಡಿ. ಬೆಳ್ತಿಗೆ ಅಕ್ಕಿಗೂ ಕುಕ್ಕರ್ ಬೇಕು.

ಈಗ ನಮ್ಮ ಘಟ್ಟಕ್ಕೆ ಬರೋಣ. ಇಲ್ಲಿ ನೀರು ಕಣ್ಣಿಗೆ ಕಾಣುವ ಹಾಗೆ ನಿಲ್ಲುವುದು ಕಡಿಮೆ. ಕುದುರೆಮುಖದಲ್ಲಿ ದೊಡ್ಡದೊಂದು ಜಲಾಶಯ ಇದೆಯಲ್ಲ ಅನ್ನಬಹುದು. ಅದು ಲಕ್ಯಾ ಅಣೆಕಟ್ಟು. ಕಬ್ಬಿಣದ ಅದಿರು ತೊಳೆದು ಉಳಿದ ಕೆಸರು ಹಿಡಿಯಲು ಕಟ್ಟಿದ್ದು. ಆ ಅದಿರು ಕೊಳವೆಯಲ್ಲಿ ಹರಿದು ಬರುತ್ತಿದ್ದದ್ದು ನಮ್ಮ ಪಣಂಬೂರಿಗೇ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು, ಜಲಾಶಯ ಉಳಿಯಿತು. ದೂರದಿಂದ ನೋಡಲು ಚಂದವೇ. ಆದರೂ ನನಗೇಕೋ ಅದನ್ನು ಸರೋವರ ಅನ್ನಲು ಮನಸ್ಸಾಗುವುದಿಲ್ಲ.

ನಮ್ಮ ನಿಜವಾದ ಸರೋವರ ಇರುವುದು ಮಣ್ಣಿನೊಳಗೆ. ಮುಳ್ಳೋಡಿ ಕಡೆಯಿಂದ ಕುದುರೆಮುಖ ಹತ್ತುವಾಗ ಗಮನಿಸಿ. ಬೆನ್ನುಬೆನ್ನಾದ ಗುಡ್ಡವೆಲ್ಲ ಹುಲ್ಲು. ಎರಡು ಗುಡ್ಡ ಸೇರುವ ಮಡಿಕೆಯಲ್ಲಿ ಮಾತ್ರ ದಟ್ಟ ಕಾಡು. ಇದಕ್ಕೇ ಶೋಲಾ ಅನ್ನುವುದು. ಬಿಸಿಲಿನಿಂದ ಒಳಗೆ ಕಾಲಿಟ್ಟರೆ ತಂಪು, ಕತ್ತಲು, ಪಾಚಿ ಕಟ್ಟಿದ ಮರ. ಕೆಳಗೆ ಒಂದು ತೊರೆ ಇದ್ದೇ ಇರುತ್ತದೆ. ಮಳೆಗಾಲದ ನೀರನ್ನು ಹುಲ್ಲಿನ ಬೇರು, ತರಗೆಲೆ, ಕಪ್ಪು ಮಣ್ಣು ಸ್ಪಂಜಿನ ಹಾಗೆ ಹೀರಿ ಇಟ್ಟುಕೊಳ್ಳುತ್ತವೆ. ಮಳೆ ನಿಂತ ಮೇಲೂ ಒರತೆಯಾಗಿ ಸ್ವಲ್ಪಸ್ವಲ್ಪವೇ ಬಿಡುತ್ತವೆ. ಅದು ನೇತ್ರಾವತಿಗೆ ಸೇರಿ ತುಂಬೆಯ ಕಿಂಡಿ ಅಣೆಕಟ್ಟಿಗೆ ಬರುತ್ತದೆ. ಅಲ್ಲಿಂದ ಮಂಗಳೂರಿನ ನಲ್ಲಿಗೆ. ಉಡುಪಿಯವರಿಗೆ ಸ್ವರ್ಣಾ ನದಿ, ಬಜೆ ಅಣೆಕಟ್ಟು. ಬೇಸಿಗೆಯಲ್ಲಿ ತುಂಬೆಯಲ್ಲಿ ನೀರೆಷ್ಟಿದೆ ಅಂತ ನಾವು ದಿನಾ ಪೇಪರಿನಲ್ಲಿ ನೋಡುತ್ತೇವಲ್ಲ, ಆ ಲೆಕ್ಕ ಶುರುವಾಗುವುದು ಈ ಗುಡ್ಡಗಳ ಮಡಿಕೆಯಲ್ಲೇ.

ಹಾಗಾಗಿ ಘಟ್ಟದಲ್ಲಿ ಕಾಲುದಾರಿ ಬಿಟ್ಟು ಅಡ್ಡದಾರಿ ಹಿಡಿಯುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಒಬ್ಬ ಹುಲ್ಲು ತುಳಿದು ನೇರ ಇಳಿಯುತ್ತಾನೆ, ಹಿಂದಿನವರೂ ಅದನ್ನೇ ತುಳಿಯುತ್ತಾರೆ. ಹುಲ್ಲು ಸತ್ತ ಜಾಗದಲ್ಲಿ ಮುಂದಿನ ಆಷಾಢದ ಮಳೆಗೆ ಕೊರಕಲು ಬೀಳುತ್ತದೆ. ಇಂಗಬೇಕಾದ ನೀರು ಮಣ್ಣನ್ನೂ ಎಳೆದುಕೊಂಡು ಓಡುತ್ತದೆ. 2024ರ ಜನವರಿಯಲ್ಲಿ ರಜೆಗೆ ಕುಮಾರಪರ್ವತದಲ್ಲಿ ಸೇರಿದ ಜನಜಾತ್ರೆ ನೆನಪಿದೆಯಾ? ಅದಾದ ಮೇಲೆಯೇ ಅರಣ್ಯ ಇಲಾಖೆ ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿದ್ದು. ಆನ್‌ಲೈನ್ ಬುಕಿಂಗ್ ಕಿರಿಕಿರಿ ಅನ್ನುವವರಿದ್ದಾರೆ. ಇರಲಿ ಬಿಡಿ, ಆ ಕಿರಿಕಿರಿ ಬೇಕಾದದ್ದೇ.

ಕಾಶ್ಮೀರದ ದಾರಿಗೆ ಜುಲೈಯಿಂದ ಸೆಪ್ಟೆಂಬರ್ ಕಾಲ. ಹೊರಡುವ ಮೊದಲು ಅಲ್ಲಿನ ಪರಿಸ್ಥಿತಿ, ಅನುಮತಿ ವಿಚಾರಿಸಿ. ದಾರಿಯಲ್ಲಿ ಸೈನಿಕರು ಗುರುತಿನ ಚೀಟಿ ಕೇಳುತ್ತಾರೆ. ನಮ್ಮ ಘಟ್ಟಕ್ಕೆ ಮಳೆ ಬಿಟ್ಟ ಮೇಲಿನ ಅಕ್ಟೋಬರಿನಿಂದ ಜನವರಿ ಒಳ್ಳೆಯದು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವುದುಂಟು. ಮಳೆಯಲ್ಲೇ ಹೋಗುತ್ತೇನೆ ಅನ್ನುವವರು ಇಂಬಳಕ್ಕೆ ತಯಾರಾಗಿ ಹೋಗಿ. ಹೊಗೆಸೊಪ್ಪು ನೆನೆಸಿದ ನೀರನ್ನು ಕಾಲುಚೀಲಕ್ಕೆ ಹಚ್ಚಿಕೊಳ್ಳಿ. ಅದನ್ನು ತೊರೆಯಲ್ಲಿ ಮಾತ್ರ ತೊಳೆಯಬೇಡಿ, ಮನೆಗೆ ಬಂದೇ ತೊಳೆಯಿರಿ.

ನಮಸ್ಕಾರ.