ಕೋಲಾರದ ಮನೆಯಲ್ಲಿ ಕಡಲಿನ ಅಕ್ವೇರಿಯಂ

ಕೇಳುಗರಿಗೆ ನಮಸ್ಕಾರ. ಗೋಲ್ಡ್ ಫಿಶ್, ಗಪ್ಪಿಗಳನ್ನು ಸಾಕಿ ಅನುಭವವಿರುವ ಕೆಲವರು ಈಗ ಕಡಲಿನ ಮೀನುಗಳನ್ನು ಸಾಕುವ ಆಸೆ ಇಟ್ಟುಕೊಂಡಿದ್ದಾರೆ. ಅವರು ಮೀನಿನ ಅಂಗಡಿಗೆ ಹೋಗುವ ಮೊದಲು ಮನೆಯ ನೀರನ್ನು ಪರೀಕ್ಷಿಸಬೇಕೆಂಬುದು ನನ್ನ ಮೊದಲ ಮಾತು.

ಕೋಲಾರ ಜಿಲ್ಲೆಯ ಕೊಳವೆಬಾವಿಗಳ ನೀರು ಗಡಸು. ಅನೇಕ ಊರುಗಳಲ್ಲಿ ಫ್ಲೋರೈಡ್ ಕೂಡ ಹೆಚ್ಚು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರು ನಮಗೆ ಹಿತವಾಗಿದ್ದರೂ ಅದರಲ್ಲಿ ಲವಣಾಂಶ ಉಳಿದಿರುತ್ತದೆ. ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ಅಂಕಿ ಸೊನ್ನೆಯ ಹತ್ತಿರ ನಿಲ್ಲಬೇಕು. ನಿಲ್ಲದಿದ್ದರೆ ಆರ್‌ಒ ಯಂತ್ರದ ನಂತರ, ಉಳಿದ ಲವಣಗಳನ್ನು ಹಿಡಿದಿಡುವ ರಾಳದ (ರೆಸಿನ್) ಶೋಧಕವೊಂದನ್ನು ಸೇರಿಸಬೇಕು.

ಆ ನೀರಿಗೆ ಅಡುಗೆ ಉಪ್ಪನ್ನಲ್ಲ, ಅಕ್ವೇರಿಯಂಗೆಂದೇ ತಯಾರಿಸಿದ ಸಮುದ್ರದ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಬೇರೆ ಡ್ರಮ್ಮಿನಲ್ಲಿ ಕರಗಿಸಿ, ಪಂಪಿನಿಂದ ಒಂದು ದಿನ ತಿರುಗಿಸಿ, ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗೆ ಹೋಲಿಸಿದ ಸಾಂದ್ರತೆ) 1.025ಕ್ಕೆ ಬಂದಿದೆಯೆಂದು ನೋಡಿಕೊಂಡ ಮೇಲೆಯೇ ತೊಟ್ಟಿಗೆ ಹಾಕಬೇಕು. ನಮ್ಮ ಒಣ ಬೇಸಿಗೆಯಲ್ಲಿ ನೀರು ಬೇಗ ಆವಿಯಾಗುತ್ತದೆ, ಆದರೆ ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟನ್ನು ಶುದ್ಧ ಸಿಹಿನೀರಿನಿಂದ ತುಂಬಬೇಕು. ಉಪ್ಪುನೀರು ಸುರಿದರೆ ಲವಣತೆ ದಿನದಿಂದ ದಿನಕ್ಕೆ ಏರುತ್ತದೆ. ಉಷ್ಣತೆ 25 ಡಿಗ್ರಿಯ ಆಸುಪಾಸಿನಲ್ಲಿರಲಿ. ಚಿಕ್ಕ ತೊಟ್ಟಿಯಲ್ಲಿ ಇದೆಲ್ಲ ಬೇಗ ಏರುಪೇರಾಗುವುದರಿಂದ, ಹೊಸಬರಿಗೆ 200 ಲೀಟರಿನಷ್ಟು ತೊಟ್ಟಿಯೇ ಸುಲಭ.

ನೀರು ಸಿದ್ಧವಾಯಿತೆಂದ ಮಾತ್ರಕ್ಕೆ ತೊಟ್ಟಿ ಸಿದ್ಧವಾಗುವುದಿಲ್ಲ. ಮೀನಿನ ಮಲ ಮತ್ತು ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ರಂಧ್ರಗಳುಳ್ಳ ಕಲ್ಲುಗಳಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಈ ಅವಧಿಯಲ್ಲಿ ಮೀನು ಬಿಡುವುದು ಅದನ್ನು ಹಿಂಸಿಸಿದಂತೆ. ಚಿಟಿಕೆ ಮೀನಿನ ಆಹಾರ ಹಾಕಿ, ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿಯುವವರೆಗೆ ಕಾಯಿರಿ.

ಕಲ್ಲು, ಹವಳಗಳ ವಿಷಯದಲ್ಲಿ ಕಾನೂನನ್ನೂ ತಿಳಿದಿರಬೇಕು. ದಿಬ್ಬ ಕಟ್ಟುವ ಗಟ್ಟಿ ಹವಳಗಳೂ ಕಡಲಕುದುರೆಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯಿರುವ ಜೀವಿಗಳ ಪಟ್ಟಿಯಲ್ಲಿವೆ. ನಮ್ಮ ಕಡಲಿನಿಂದ ಕಿತ್ತ ಹವಳವನ್ನು ಯಾರೇ ಮಾರಲು ಬಂದರೂ ಕೊಳ್ಳಬೇಡಿ. ಸೆರಾಮಿಕ್ ಕಲ್ಲುಗಳಿಂದಲೂ ಗುಹೆ, ಕಮಾನುಗಳನ್ನು ಚೆನ್ನಾಗಿ ಕಟ್ಟಬಹುದು.

ಮೊದಲ ನಿವಾಸಿಗಳಾಗಿ ಒಂದು ಜೋಡಿ ಕ್ಲೌನ್ ಮೀನುಗಳನ್ನೇ ನಾನು ಸೂಚಿಸುತ್ತೇನೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಇವುಗಳ ಮರಿ ಮಾಡಿಸುವ ತಂತ್ರವನ್ನು ರೂಪಿಸಿದೆ. ತೊಟ್ಟಿಯಲ್ಲೇ ಹುಟ್ಟಿದ ಮರಿಗಳು ಒಣ ಆಹಾರಕ್ಕೂ ಬೇಗ ಒಗ್ಗುತ್ತವೆ. ಇವೆಲ್ಲ ಮೊದಲಿಗೆ ಗಂಡಾಗಿಯೇ ಬೆಳೆಯುತ್ತವೆ. ಜೊತೆಗೂಡಿದ ಎರಡರಲ್ಲಿ ಬಲಶಾಲಿಯಾದದ್ದು ಹೆಣ್ಣಾಗುತ್ತದೆ. ಆದ್ದರಿಂದ ಒಂದು ದೊಡ್ಡದು, ಒಂದು ಚಿಕ್ಕದು ಆರಿಸಿದರೆ ಜಗಳ ಕಡಿಮೆ. ಕಡಲಿನಲ್ಲಿ ಇವು ಆಸರೆ ಪಡೆಯುವ ಕಡಲಹೂವು (ಸೀ ಅನಿಮೋನ್) ಎಂಬ ಜೀವಿ ತೊಟ್ಟಿಯಲ್ಲಿ ಬೇಕೇಬೇಕೆಂದಿಲ್ಲ. ಪಾಚಿ ತಿನ್ನಲು ಕೆಲವು ಬಸವನಹುಳುಗಳು ಸಾಕು. ಅವಿರುವ ತೊಟ್ಟಿಗೆ ತಾಮ್ರದ ಅಂಶದ ಔಷಧಿಯನ್ನು ಎಂದೂ ಹಾಕಬಾರದು. ನೀಲಿ ಟ್ಯಾಂಗ್ ಒಂದಡಿಯವರೆಗೆ ಬೆಳೆಯುವ, ಈಜಾಡಲು ಬಹಳ ಜಾಗ ಬೇಡುವ ಮೀನು. ಮ್ಯಾಂಡರಿನ್ ಮೀನು ಕಣ್ಣಿಗೆ ಕಾಣುವುದೇ ಕಷ್ಟವಾಗುವಷ್ಟು ಸಣ್ಣ ಜೀವಂತ ಕಠಿಣಚರ್ಮಿಗಳನ್ನೇ (ಸಿಗಡಿಯ ಬಳಗದ ಜೀವಿಗಳನ್ನೇ) ದಿನವಿಡೀ ಹೆಕ್ಕಿ ತಿನ್ನುವುದರಿಂದ ಹೊಸ ತೊಟ್ಟಿಯಲ್ಲಿ ಹಸಿದು ಸಾಯುತ್ತದೆ. ಇವೆರಡನ್ನೂ ತರಬೇಡಿ.

ಕರೆಂಟು ಹೋದಾಗ ಪಂಪು ನಿಂತು ನೀರಿನ ಆಮ್ಲಜನಕ ಕುಸಿಯುತ್ತದೆ. ಆದ್ದರಿಂದ ಬ್ಯಾಟರಿಯಿಂದ ನಡೆಯುವ ಏರ್ ಪಂಪೊಂದನ್ನು ಮೀನಿಗಿಂತ ಮೊದಲೇ ತಂದಿಡಿ. ನಮಸ್ಕಾರ.