ಕಿಟಕಿ ನಡುವೆ ಬರ್ಬೇಕು, ಸರಿ, ಯಾವ ನಡುವೆ?

ಎಲ್ಲರಿಗೂ ನಮಸ್ಕಾರ. ಇಲ್ಲಿ ಡಿಪ್ಲೊಮಾ ಸಿವಿಲ್‌ನವರೂ ಇದೀರಿ, ಆರ್ಕಿಟೆಕ್ಚರ್‌ನವರೂ ಇದೀರಿ, ನಕ್ಷೆ ಬರೆಯೋ ಸಾಫ್ಟ್‌ವೇರ್ ಆಟೋಕ್ಯಾಡ್ ಎಲ್ಲರ ಕೈಗೂ ಪಳಗಿದೆ, ಹಾಗಾಗಿ ಲೈನ್ ಎಳೆಯೋದು ಟ್ರಿಮ್ ಮಾಡೋದು ಬಿಟ್ಟು ಒಂದೇ ವಿಷಯ ಹಿಡ್ಕೊಳ್ತೀನಿ: ಒಂದು ವಸ್ತುನ ಕರೆಕ್ಟಾಗಿ ನಡುವೆ ಕೂರಿಸೋದು.

ಮೊದಲು ಒಂದು ಲೆಕ್ಕ. ಮನೆಯ ಮೂಲೆ ರೂಮು ಅಂದ್ಕೊಳ್ಳಿ. ಎಡಕ್ಕೆ ಒಂಬತ್ತಿಂಚಿನ ಹೊರಗೋಡೆ, 230 ಮಿಲಿಮೀಟರ್. ಬಲಕ್ಕೆ ನಾಲ್ಕೂವರೆ ಇಂಚಿನ ಪಾರ್ಟಿಶನ್, 115. ಒಳಗೆ ಕ್ಲಿಯರ್ ಅಗಲ 3000. ಎದುರು ಗೋಡೆ ನಡುವೆ ಕಿಟಕಿ ಬರ್ಬೇಕು. ಒಳಮುಖದಿಂದ ಒಳಮುಖಕ್ಕೆ ಹಿಡಿದ್ರೆ ನಡು ಬರೋದು ಹೊರಮೂಲೆಯಿಂದ 1730ಕ್ಕೆ. ಅದೇ ಗೋಡೆಗಳ ಸೆಂಟರ್ ಲೈನ್, ಅಂದ್ರೆ ಗೋಡೆ ದಪ್ಪದ ನಡುಗೆರೆಯಿಂದ ಹಿಡಿದ್ರೆ 1701.25. ವ್ಯತ್ಯಾಸ 28.75, ಒಂದಿಂಚಿನ ಮೇಲಾಯ್ತು. ಸಾಫ್ಟ್‌ವೇರ್ ದೃಷ್ಟೀಲಿ ಎರಡೂ ಕರೆಕ್ಟೇ, ಯಾವ ಎರರೂ ಬರಲ್ಲ. ಆದ್ರೆ ಕಿಟಕಿ ಹಾಕಿದವ್ರು ಸೆಂಟರ್ ಲೈನ್ ಹಿಡ್ದಿರ್ತಾರೆ, ಫ್ಯಾನ್ ಪಾಯಿಂಟ್ ಹಾಕಿದವ್ರು ಒಳಮುಖ ಹಿಡ್ದಿರ್ತಾರೆ, ಆಮೇಲೆ ಮಂಚದ ಮೇಲೆ ಮಲಗಿದವ್ರಿಗೆ ದಿನಾ ಕಣ್ಣಿಗೆ ಹೊಡೆಯತ್ತೆ. ಅದಕ್ಕೇ ಕ್ಲಿಕ್ ಮಾಡೋಕೆ ಮುಂಚೆ ಯಾವುದರಿಂದ ಯಾವುದಕ್ಕೆ ಅಂತ ತೀರ್ಮಾನ ಮಾಡಿ. ರೂಮಿನ ಒಳಗೆ ಕಾಣೋದಕ್ಕೆಲ್ಲ ಒಳಮುಖ, ಕಾಲಮ್ ಫೂಟಿಂಗ್‌ಗೆ, ಅಂದ್ರೆ ಕಂಬದ ಅಡಿಪಾಯಕ್ಕೆ, ಸೆಂಟರ್ ಲೈನ್, ಇದು ನನ್ನ ಅಭ್ಯಾಸ.

ಈಗ ಆಟೋಕ್ಯಾಡ್‌ಗೆ ಬನ್ನಿ. ತುಂಬಾ ಜನ ನಡು ಸಿಗ್ಲಿ ಅಂತ ಮೂಲೆಯಿಂದ ಮೂಲೆಗೆ ಅಡ್ಡ ಗೆರೆ ಎಳೆದು, ಅದರ ಮಿಡ್‌ಪಾಯಿಂಟ್ ಹಿಡಿದು, ಆಮೇಲೆ ಗೆರೆ ಅಳಿಸೋದು ಮರೀತಾರೆ, ಆ ಗೆರೆ ಪ್ರಿಂಟಲ್ಲೂ ಬಂದು ಸೈಟಲ್ಲಿ ಮೇಸ್ತ್ರಿ ಇದೇನ್ ಸಾರ್ ಅಂತ ಕೇಳ್ತಾರೆ. ಆ ಗೆರೆ ಬೇಕಾಗೇ ಇಲ್ಲ. ಪಾಯಿಂಟ್ ಕೇಳಿದಾಗ ಎಂ2ಪಿ (M2P) ಅಂತ ಟೈಪ್ ಮಾಡಿ, ಎದುರುಬದುರು ಎರಡು ಮೂಲೆ ಕ್ಲಿಕ್ ಮಾಡಿ, ನಡುಬಿಂದು ತಾನೇ ಬರತ್ತೆ. ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿದ್ರೂ ಮೆನುವಲ್ಲಿದೆ. ಟೇಬಲ್ ಕೂರಿಸ್ಬೇಕಾ, ಮೂವ್ ಕೊಡಿ, ಬೇಸ್ ಪಾಯಿಂಟ್ ಆಗಿ ಟೇಬಲ್‌ನ ಸ್ವಂತ ನಡು ಹಿಡೀರಿ, ಎರಡನೇ ಪಾಯಿಂಟಿಗೆ ಎಂ2ಪಿ. ಎಷ್ಟೋ ಜನ ಎರಡನೇದು ನೀಟಾಗಿ ಮಾಡಿ ಮೊದಲನೇದು ಕಣ್ಣಂದಾಜಲ್ಲಿ ಹಿಡೀತಾರೆ, ಅಲ್ಲೇ ಕೆಡೋದು.

2016ರ ವರ್ಶನ್‌ನಿಂದ ಜಿಯೊಮೆಟ್ರಿಕ್ ಸೆಂಟರ್ ಅನ್ನೋ ಸ್ನ್ಯಾಪ್, ಅಂದ್ರೆ ಕರ್ಸರ್‌ನ ಬಿಂದುವಿಗೆ ತಾನೇ ಹಿಡಿಸೋ ಸೌಲಭ್ಯ, ಬಂದಿದೆ, ಕ್ಲೋಸ್ಡ್ ಪಾಲಿಲೈನ್, ಅಂದ್ರೆ ಸುತ್ತಲೂ ಮುಚ್ಚಿದ ಒಂದೇ ಗೆರೆಯ ಆಕಾರದ ಮೇಲೆ ಹೋದ್ರೆ ನಡು ತೋರ್ಸತ್ತೆ. ಚೌಕ ಟೇಬಲ್‌ಗೆ ಸೂಪರ್. ಎಲ್ ಶೇಪ್ ಹಾಲ್‌ಗೆ ನಂಬ್ಬೇಡಿ, ಅದು ಕೊಡೋದು ಸೆಂಟ್ರಾಯ್ಡ್, ಅಂದ್ರೆ ಇಡೀ ಆಕಾರದ ಸಮತೂಕದ ಬಿಂದು, ಕೆಲವು ಸಲ ಆ ಬಿಂದು ಗೋಡೆ ಆಚೆ ಬೀಳತ್ತೆ, ಅಲ್ಲಿ ಫ್ಯಾನ್ ಹಾಕೋಕಾಗತ್ತಾ? ಎಲ್ ಅನ್ನ ಎರಡು ಆಯತ ಮಾಡ್ಕೊಂಡು ಎರಡು ಫ್ಯಾನ್ ಹಾಕಿ.

ವಾಶ್‌ಬೇಸಿನ್ ಕಥೆ ಬೇರೆ. ಎಡಬಲಕ್ಕೆ ನಡು ಬೇಕು, ಆದ್ರೆ ಗೋಡೆಗೆ ಅಂಟ್ಕೊಂಡಿರ್ಬೇಕು. ಅಲ್ಲಿ ಡಾಟ್ ಎಕ್ಸ್ (.X) ಫಿಲ್ಟರ್. ಎಕ್ಸ್, ಅಂದ್ರೆ ಎಡಬಲದ ಅಳತೆ, ಒಂದು ಕಡೆಯಿಂದ, ವೈ, ಅಂದ್ರೆ ಮೇಲೆಕೆಳಗಿನ ಅಳತೆ, ಇನ್ನೊಂದು ಕಡೆಯಿಂದ ಎತ್ಕೊಳ್ಳತ್ತೆ.

ಇನ್ನೊಂದು ಕಾಟ, ಪರದೆ ಮೇಲಿನ ಅಂಕಿ. ಡೈಮೆನ್ಶನ್ ಪ್ರಿಸಿಶನ್, ಅಂದ್ರೆ ಅಳತೆಯಲ್ಲಿ ತೋರ್ಸೋ ದಶಾಂಶ ಸ್ಥಾನ, ಸೊನ್ನೆ ಇಟ್ಟಿದ್ರೆ 2999.6 ಇದ್ದದ್ದು ಕೂಡ 3000 ಅಂತ ಕಾಣತ್ತೆ. ಚೆಕ್ ಮಾಡೋವಾಗ ಯೂನಿಟ್ಸ್‌ನಲ್ಲಿ ಪ್ರಿಸಿಶನ್ ಜಾಸ್ತಿ ಮಾಡಿ ಡಿಸ್ಟೆನ್ಸ್ ನೋಡಿ. ಡೈಮೆನ್ಶನ್ ಟೆಕ್ಸ್ಟ್ ಎಡಿಟ್ ಮಾಡಿ 3000 ಅಂತ ಬರೆಯೋ ಪುಣ್ಯಾತ್ಮರೂ ಇದಾರೆ, ಅವ್ರ ಬಗ್ಗೆ ಮಾತಾಡೋದು ಬೇಡ.

ಕಟ್ಟಡದ 3ಡಿ ಮಾಡೆಲ್ ಮಾಡೋ ಸಾಫ್ಟ್‌ವೇರ್ ರೆವಿಟ್‌ನಲ್ಲಿ ನನಗೆ ತುಂಬಾ ಇಷ್ಟ ಆದ ಬಟನ್ ಇಕ್ಯೂ (EQ), ಅಂದ್ರೆ ಸಮ. ಎಡಗೋಡೆ, ಕಿಟಕಿ ಸೆಂಟರ್, ಬಲಗೋಡೆ, ಮೂರನ್ನೂ ಒಂದೇ ಡೈಮೆನ್ಶನಲ್ಲಿ ಹಿಡಿದು ಇಕ್ಯೂ ಒತ್ತಿದ್ರೆ ಆಯ್ತು, ನಾಳೆ ಓನರ್ ಬಂದು ರೂಮ್ ಒಂದಡಿ ದೊಡ್ಡದು ಮಾಡಿ ಅಂದ್ರೂ ಕಿಟಕಿ ತಾನೇ ಸರ್ಕೊಂಡು ನಡುವಿಗೆ ಬರತ್ತೆ. ಆಟೋಕ್ಯಾಡಲ್ಲಿ ಮಾಮೂಲಾಗಿ ಕೂರಿಸಿದ್ದು ಆ ಕ್ಷಣದ ನಡು, ಇಲ್ಲಿ ನಡು ಅನ್ನೋದು ನಿಯಮ ಆಗಿ ಉಳಿಯತ್ತೆ. ಆದ್ರೆ ಇಲ್ಲೂ ಅದೇ ಹಳೇ ಪ್ರಶ್ನೆ: ಡೈಮೆನ್ಶನ್ ಗೋಡೆಯ ಮುಖ ಹಿಡಿದಿದ್ಯಾ, ಸೆಂಟರ್ ಲೈನಾ? ಬೇಕಾದ ಮುಖ ಹೈಲೈಟ್ ಆಗೋವರೆಗೂ ಟ್ಯಾಬ್ ಒತ್ತಿ. ಆಮೇಲೆ ಡೈಮೆನ್ಶನ್ ಡಿಲೀಟ್ ಮಾಡಿದ್ರೆ ರೂಲ್ ಹೋಗಲ್ಲ, ವಾರ್ನಿಂಗ್ ಬರತ್ತೆ, ಓದ್ದೇ ಓಕೆ ಒತ್ತಿದ್ರೆ ಒಳಗೊಳಗೇ ಉಳ್ಕೊಳ್ಳತ್ತೆ, ಮುಂದೆ ಕಿಟಕಿ ಸರಿಸೋಕೆ ಹೋದ್ರೆ ಸುಮ್ನೆ ಸರಿಯಲ್ಲ. ಬೇಡ ಅಂದ್ರೆ ಅಲ್ಲೇ ಅನ್‌ಕನ್‌ಸ್ಟ್ರೇನ್ ಒತ್ಬೇಕು.

ಸ್ಕೆಚ್‌ಅಪ್ ಅನ್ನೋ 3ಡಿ ಸಾಫ್ಟ್‌ವೇರ್ ಬಳಸೋರಿಗೆ ಒಂದೇ ಮಾತು: ಮೊದಲನೇ ಕಂಬನ ಕಂಟ್ರೋಲ್ ಒತ್ತಿ ಕೊನೆ ಜಾಗಕ್ಕೆ ಕಾಪಿ ಮಾಡಿ, ತಕ್ಷಣ /5 ಅಂತ ಟೈಪ್ ಮಾಡಿ, ಮಧ್ಯದ ಜಾಗ ಐದು ಭಾಗ ಆಗಿ ನಡುವಿನ ಕಂಬಗಳು ಸಮವಾಗಿ ಬಂದು ನಿಲ್ತವೆ.

ಕೊನೇಗೆ ಟೈಲ್ಸ್. 3300 ಅಗಲದ ರೂಮು, 600ರ ಟೈಲು, ಜಾಯಿಂಟ್ ಗ್ಯಾಪ್ ಬಿಟ್ಬಿಡಿ. ನಡುವೆ ಟೈಲ್ ಇಟ್ರೆ ಐದು ಪೂರ್ತಿ, ಎರಡೂ ಅಂಚಲ್ಲಿ 150ರ ಚೂರು. ನಡುವೆ ಜಾಯಿಂಟ್ ಇಟ್ರೆ ನಾಲ್ಕು ಪೂರ್ತಿ, ಅಂಚಲ್ಲಿ 450. ಎರಡೂ ನಡುವೇನೇ, ಆದ್ರೆ ನಾನಾದ್ರೆ ಎರಡನೇದೇ ಮಾಡ್ತೀನಿ, ಆ ಸಣ್ಣ ಪಟ್ಟಿ ಗೋಡೆ ಸ್ವಲ್ಪ ಸೊಟ್ಟ ಇದ್ರೂ ಎದ್ದು ಕಾಣತ್ತೆ. ಈಗ ಲ್ಯಾಪ್‌ಟಾಪ್ ತೆಗೀರಿ, ಇದೇ ರೂಮನ್ನ ಎರಡೂ ಥರ ಹಾಕಿ ನೋಡೋಣ.